ಗಾಡಿ ಮಾತು: ಬಾಗಿಲು ಬಿಚ್ಚಿದ ಜೀಪು

ಈ ಸಲ ಬಂದ ಪತ್ರಗಳಲ್ಲಿ ಐದು ಪತ್ರಗಳದ್ದು ಒಂದೇ ವಿಷಯ. ಬಾಗಿಲು. ಅದನ್ನು ಬಿಚ್ಚುವುದು, ಮತ್ತೆ ಕೂರಿಸುವುದು, ಬಿಚ್ಚಲೇಬೇಕಾ ಅಂತ ಕೇಳುವುದು. ಹಾಗಾಗಿ ಉಳಿದವನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಕ್ಲಚ್ ಸುಟ್ಟ ವಾಸನೆ ಬರುತ್ತಿದೆ ಅಂತ ಬರೆದವರು ಮಾತ್ರ ಕಾಯಬೇಡಿ, ಇವತ್ತೇ ಮೆಕ್ಯಾನಿಕ್ ಹತ್ತಿರ ಹೋಗಿ.

ಪ್ರಶ್ನೆ: ನಮಸ್ಕಾರ ಸಾರ್. ನಾನು ಹಾಸನದ ಕಡೆಯವನು, ಈಗ ಅಮೆರಿಕದ ಡೆನ್ವರ್‌ನಲ್ಲಿದ್ದೇನೆ. ನನ್ನದು ನಾಲ್ಕು ಬಾಗಿಲಿನ ಜೀಪ್ ರ‍್ಯಾಂಗ್ಲರ್, 2021ರ ಮಾಡೆಲ್. ಮುಂದಿನ ತಿಂಗಳು ಗೆಳೆಯರ ಜೊತೆ ಯೂಟಾದ ಮೋಆಬ್‌ಗೆ ಹೋಗುತ್ತಿದ್ದೇವೆ. ಅಲ್ಲಿ ಬಾಗಿಲು ಬಿಚ್ಚಿ ಓಡಿಸಬೇಕು ಅಂತ ಆಸೆ. ಆಫೀಸಿನ ಗೆಳೆಯ ಅದು ಹತ್ತು ನಿಮಿಷದ ಕೆಲಸ ಅಂತಾನೆ. ನಾನು ಶುರು ಮಾಡಿ, ಒಳಗಿನ ವೈರು ನೋಡಿ ಹೆದರಿ ಬಿಟ್ಟುಬಿಟ್ಟೆ. ಬೇಗ ಆಗಬೇಕು, ಗಾಡಿಗೂ ಏನೂ ಆಗಬಾರದು. ಹೇಗೆ?

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ಸುಳ್ಳಲ್ಲ. ಆದರೆ ಅವರ ಕೈ ಪಳಗಿದೆ, ನಿಮ್ಮದು ಇನ್ನೂ ಇಲ್ಲ. ಮೊದಲ ಸಲ ಒಂದು ಗಂಟೆ ಇಟ್ಟುಕೊಳ್ಳಿ. ಈ ಕೆಲಸದಲ್ಲಿ ಬೇಗ ಆಗುವುದು ಕೈ ಜೋರು ಮಾಡಿದ್ದರಿಂದಲ್ಲ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ತಪ್ಪದೇ ಇದ್ದರೆ. ಕ್ರಮ ತಪ್ಪಿದರೆ ವೈರು ಎಳೆಯುತ್ತೆ, ಇಲ್ಲವೇ ಬಾಗಿಲು ಹೋಗಿ ಗಾಡಿಯ ಬಾಡಿ ಮೇಲೆ ಬಡಿಯುತ್ತೆ.

ನಿಮ್ಮದು 2018ರಿಂದ ಬಂದ ಜೆಎಲ್ ತಲೆಮಾರಿನ ಗಾಡಿ. ಅದರ ಬಾಗಿಲನ್ನು ಬಿಚ್ಚಿ ಹಾಕೋಕೆ ಬರುವ ಹಾಗೇ ಮಾಡಿದ್ದಾರೆ, ಅದು ಅಲ್ಯೂಮಿನಿಯಂನದ್ದು. ಹಗುರ ಅಂತ ಹೇಳುತ್ತಾರೆ, ಆದರೂ ಮುಂದಿನ ಬಾಗಿಲು ಒಂದೊಂದೂ 20 ಕಿಲೋ ಮೇಲೆಯೇ ಇದೆ. ತೂಕಕ್ಕಿಂತ ಜಾಸ್ತಿ ತೊಂದರೆ ಅದರ ಆಕಾರದ್ದು. ಹಿಡಿಯೋಕೆ ಸರಿಯಾದ ಜಾಗ ಇಲ್ಲ, ಒಂದು ಕಡೆ ಕನ್ನಡಿ ಬೇರೆ ಚಾಚಿಕೊಂಡಿರುತ್ತೆ. ಆದ್ದರಿಂದ ಇಬ್ಬರು ಬೇಕೇ ಬೇಕು. ಒಬ್ಬರೇ ಎತ್ತುವವರೂ ಇದ್ದಾರೆ. ಅವರ ಗಾಡಿಯ ಮುಂದಿನ ಮಡ್‌ಗಾರ್ಡ್ ಹತ್ತಿರ ಹೋಗಿ ಬಣ್ಣ ನೋಡಿ, ಗೊತ್ತಾಗುತ್ತೆ.

ಸಾಮಾನು ಅಂತ ಬೇಕಾಗಿರುವುದು ಕಮ್ಮಿ. ಗಾಡಿಯ ಜೊತೆ ಕೊಟ್ಟ ಟೂಲ್ ಕಿಟ್ ಹುಡುಕಿ, ಅದರಲ್ಲಿ ರ‍್ಯಾಚೆಟ್ಟೂ ನಕ್ಷತ್ರದ ತಲೆಯ ಟಾರ್ಕ್ಸ್ ಬಿಟ್‌ಗಳೂ ಇವೆ. ಹಿಂಜ್‌ಗೆ, ಅಂದರೆ ಬಾಗಿಲಿನ ಕೀಲಿಗೆ, ಬೇಕಾದದ್ದು ಟಿ50 ಸೈಜಿನ ಬಿಟ್. ಹಿಂಜ್ ಮೇಲೇ ಆ ನಂಬರ್ ಕೊರೆದಿದ್ದಾರೆ, ಬಗ್ಗಿ ನೋಡಿ. ಹತ್ತಿರದ ಸೈಜ್ ಇದೆಯಲ್ಲ ಅಂತ ಟಿ45 ತುರುಕಿದರೆ ಸ್ಕ್ರೂ ತಲೆ ಸವೆದು, ಆಮೇಲೆ ಅದನ್ನು ಬಿಚ್ಚುವುದೇ ಬೇರೆ ಕಥೆಯಾಗುತ್ತೆ. ಜೊತೆಗೆ ಎರಡು ಹಳೇ ಕಂಬಳಿ, ಒಂದು ಮಾಸ್ಕಿಂಗ್ ಟೇಪು, ಒಂದು ಪೆನ್ನು.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಇಳಿಜಾರಿನಲ್ಲಿದ್ದರೆ ಬಾಗಿಲು ತಾನಾಗೇ ತೆರೆದುಕೊಳ್ಳುತ್ತೆ ಇಲ್ಲಾ ಮುಚ್ಚಿಕೊಳ್ಳುತ್ತೆ, ಗಾಳಿ ಜೋರಿದ್ದರೂ ಅಷ್ಟೇ. ಹ್ಯಾಂಡ್ ಬ್ರೇಕ್ ಹಾಕಿ. ನಾಲ್ಕೂ ಗ್ಲಾಸು ಕೆಳಗೆ ಇಳಿಸಿ, ಆಮೇಲೆ ಇಂಜಿನ್ ಆಫ್ ಮಾಡಿ. ಗ್ಲಾಸನ್ನು ಮೊದಲೇ ಇಳಿಸುವುದು ಯಾಕೆ ಅಂದರೆ ವೈರು ಬಿಚ್ಚಿದ ಮೇಲೆ ಅದು ಇಳಿಯುವುದಿಲ್ಲ. ಇಳಿದಿದ್ದರೆ ಒಡೆಯುವ ಭಯ ಇಲ್ಲ, ಕಿಟಕಿಯ ಚೌಕಟ್ಟಿನೊಳಗೆ ಕೈ ಹಾಕಿ ಹಿಡಿಯೋಕೂ ಬರುತ್ತೆ.

ಈಗ ಹಿಂಜ್. ಇಲ್ಲಿ ಸ್ವಲ್ಪ ನಿಧಾನ ಮಾಡಿ. ಪ್ರತಿ ಹಿಂಜ್ ಹತ್ತಿರ ನಿಮಗೆ ಎರಡು ಥರದ ಬೋಲ್ಟ್ ಕಾಣುತ್ತೆ. ಒಂದು, ಹಿಂಜನ್ನೇ ಬಾಡಿ ಕಡೆಗೂ ಬಾಗಿಲಿನ ಕಡೆಗೂ ಕಚ್ಚಿ ಹಿಡಿದಿರುವಂಥದ್ದು. ಅದನ್ನು ಮುಟ್ಟಲೇಬೇಡಿ. ಇನ್ನೊಂದು, ಹಿಂಜ್ ಪಿನ್ನಿನ ಅಡಿಯಲ್ಲಿ ಕೆಳಗಿನಿಂದ ಹಾಕಿರುವ ಒಂಟಿ ಸ್ಕ್ರೂ. ನಿಮಗೆ ಬೇಕಾದದ್ದು ಇದು ಮಾತ್ರ. ಮೇಲಿನ ಹಿಂಜ್‌ಗೆ ಒಂದು, ಕೆಳಗಿನದಕ್ಕೆ ಒಂದು. ಬಿಟ್ಟನ್ನು ಪೂರ್ತಿ ಒಳಗೆ ಕೂರಿಸಿ ಆಮೇಲೆ ತಿರುಗಿಸಿ. ಆ ಸ್ಕ್ರೂ ಹೋದರೂ ಬಾಗಿಲು ಬೀಳುವುದಿಲ್ಲ, ಯಾಕೆಂದರೆ ಪಿನ್ನು ಇನ್ನೂ ತೂತಿನೊಳಗೇ ನಿಂತಿರುತ್ತೆ. ತೋಟದ ಕಬ್ಬಿಣದ ಗೇಟನ್ನು ಕೀಲಿನಿಂದ ಮೇಲಕ್ಕೆ ಎತ್ತಿ ತೆಗೆಯುತ್ತಾರಲ್ಲ, ಇದೂ ಅದೇ ಲೆಕ್ಕ.

ನಿಮ್ಮನ್ನು ಹೆದರಿಸಿದ ವೈರಿನ ವಿಷಯಕ್ಕೆ ಬರೋಣ. ಮುಂದಿನ ಬಾಗಿಲಿನ ವೈರು ಡ್ಯಾಶ್‌ಬೋರ್ಡ್ ಕೆಳಗೆ, ಕಾಲಿಡುವ ಜಾಗದ ಪಕ್ಕದಲ್ಲಿ, ಕಪ್ಪು ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಸೇರಿಕೊಂಡಿದೆ. ಹಿಂದಿನ ಬಾಗಿಲಿನದ್ದು ನಡುವಿನ ಕಂಬದ ಬುಡದಲ್ಲಿ. ಅಲ್ಲಿಗೆ ಕೈ ಹೋಗಬೇಕಾದರೆ ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ. ಮುಚ್ಚಳ ತೆಗೆದರೆ ವೈರುಗಳನ್ನು ಜೋಡಿಸುವ ಕಪ್ಲರ್ ಕಾಣುತ್ತೆ, ಅದರಲ್ಲಿ ಒಂದು ಕೆಂಪು ಲಾಕು. ಮೊದಲು ಆ ಕೆಂಪು ಲಾಕನ್ನು ಎತ್ತಿ. ಆಮೇಲೆ ಕಪ್ಪು ಗುಂಡಿಯನ್ನು ಒತ್ತಿ ಹಿಡಿದುಕೊಂಡು ಲಿವರನ್ನು ಎತ್ತಿದರೆ ಕಪ್ಲರ್ ತಾನಾಗೇ ಹೊರಗೆ ಬರುತ್ತೆ. ಬರಲಿಲ್ಲ ಅಂದರೆ ಲಾಕು ಪೂರ್ತಿ ಬಿಟ್ಟಿಲ್ಲ ಅಂತ ಅರ್ಥ. ವೈರು ಹಿಡಿದು ಜಗ್ಗಬೇಡಿ, ಸ್ಕ್ರೂಡ್ರೈವರ್ ಹಾಕಿ ಮೀಟಲೂಬೇಡಿ. ಅಲ್ಲಿರುವುದೆಲ್ಲ ಪ್ಲಾಸ್ಟಿಕ್ಕು, ಡೆನ್ವರ್ ಚಳಿಯಲ್ಲಂತೂ ಇನ್ನೂ ಬೇಗ ಮುರಿಯುತ್ತೆ.

ಕೊನೆಗೆ ಪಟ್ಟಿ. ಬಾಗಿಲು ಇಷ್ಟೇ ತೆರೆಯಲಿ ಅಂತ ತಡೆಯುವ ತುಂಡು ಅದು. ಇದನ್ನು ಯಾವತ್ತೂ ಕೊನೆಗೇ ಬಿಚ್ಚಬೇಕು, ಅದೂ ಇನ್ನೊಬ್ಬರು ಬಾಗಿಲನ್ನು ಹಿಡಿದುಕೊಂಡಿರುವಾಗ. ಅದು ಬಿಟ್ಟುಕೊಂಡ ಕ್ಷಣ ಬಾಗಿಲಿಗೆ ಲಂಗು ಲಗಾಮು ಇರುವುದಿಲ್ಲ, ಪೂರ್ತಿ ಮುಂದಕ್ಕೆ ತಿರುಗಿ ಬಾಡಿ ಮೇಲೆ ಹೊಡೆಯುತ್ತೆ. ಹೇಳಿದೆನಲ್ಲ, ಆ ಬಣ್ಣ ಹೋಗುವುದು ಇಲ್ಲೇ.

ಈಗ ಎತ್ತಿ. ಒಬ್ಬರು ಹಿಂಜ್ ಕಡೆ, ಒಬ್ಬರು ಹ್ಯಾಂಡಲ್ ಕಡೆ. ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ, ನೆಟ್ಟಗೆ ಮೇಲಕ್ಕೆ. ಓರೆಯಾಗಿ ಎತ್ತಿದರೆ ಪಿನ್ನು ತೂತಿನಲ್ಲೇ ಸಿಕ್ಕಿಕೊಳ್ಳುತ್ತೆ, ಆಗ ಜೋರು ಮಾಡುವುದು ಬಿಟ್ಟು ಮತ್ತೆ ಕೆಳಗೆ ಇಳಿಸಿ ಸಮ ಮಾಡಿಕೊಂಡು ಎತ್ತಿ. ಎಷ್ಟೋ ವರ್ಷ ಬಿಚ್ಚದೇ ಇದ್ದ ಬಾಗಿಲು ತುಕ್ಕು ಹಿಡಿದು ಕೂತಿರಬಹುದು, ಅದಕ್ಕೆ ಹಿಂದಿನ ರಾತ್ರಿಯೇ ಡಬ್ಲ್ಯುಡಿ-40 ಹೊಡೆದಿಟ್ಟರೆ ಸಾಕು. ಪಿನ್ನು ಪೂರ್ತಿ ಹೊರಗೆ ಬರುವವರೆಗೆ ಬಾಗಿಲನ್ನು ಪಕ್ಕಕ್ಕೆ ಎಳೆಯಬೇಡಿ. ಕಂಬಳಿ ಮೇಲೆ ಇಡುವಾಗ ಕನ್ನಡಿಯ ಮೇಲೆ ಭಾರ ಬೀಳದ ಹಾಗೆ ನೋಡಿಕೊಳ್ಳಿ. ಟೇಪಿನ ಮೇಲೆ ಎಡ ಮುಂದೆ, ಬಲ ಹಿಂದೆ ಅಂತ ಬರೆದು ಅಂಟಿಸಿ. ಸ್ಕ್ರೂಗಳಿಗೆ ಅಂತಲೇ ಹಿಂದಿನ ಸಾಮಾನು ಇಡುವ ಜಾಗದ ಅಡಿಯಲ್ಲಿ ಗುಳಿ ಮಾಡಿದ ತಟ್ಟೆ ಕೊಟ್ಟಿದ್ದಾರೆ. ಪ್ಯಾಂಟಿನ ಜೇಬಿಗಿಂತ ಅದು ವಾಸಿ.

ಕೆಲಸ ಮುಗೀತು ಅಂತ ಹೊರಟುಬಿಡಬೇಡಿ. ರ‍್ಯಾಂಗ್ಲರ್‌ನ ಪಕ್ಕದ ಕನ್ನಡಿಗಳು ಬಾಗಿಲಿಗೇ ಅಂಟಿಕೊಂಡಿವೆ, ಬಾಗಿಲು ಹೋದರೆ ಕನ್ನಡಿಯೂ ಹೋಯಿತು. ಹಿಂಜ್ ಜಾಗಕ್ಕೇ ಸಿಕ್ಕಿಸುವ ಬಿಡಿ ಕನ್ನಡಿಗಳು ಅಲ್ಲೆಲ್ಲ ಸುಲಭವಾಗಿ ಸಿಗುತ್ತವೆ, ಮೊದಲೇ ತಂದಿಟ್ಟುಕೊಳ್ಳಿ. ಫೋರ್ಡ್‌ನವರು ಇದೇ ಥರ ಬಾಗಿಲು ಬಿಚ್ಚೋಕೆ ಬರುವ ತಮ್ಮ 2021ರ ಬ್ರಾಂಕೋ ಗಾಡಿಯಲ್ಲಿ ಕನ್ನಡಿಯನ್ನು ಬಾಡಿ ಮೇಲೇ ಕೂರಿಸಿದ್ದಾರೆ, ಬಿಚ್ಚಿದ ನಾಲ್ಕು ಬಾಗಿಲೂ ಗಾಡಿಯ ಹಿಂಭಾಗದಲ್ಲೇ ಹಿಡಿಸುತ್ತವೆ. ಈ ಒಂದು ವಿಷಯದಲ್ಲಿ ಜೀಪಿನವರು ಹಿಂದೆ ಬಿದ್ದಿದ್ದಾರೆ ಅಂತ ಹೇಳಿದರೆ ಜೀಪು ಪ್ರಿಯರು ಬೈಯಬಹುದು, ಬೈಯಲಿ.

ಇನ್ನೊಂದು ಮಾತು. ಡೆನ್ವರ್‌ನಿಂದ ಮೋಆಬ್‌ಗೆ ಹೆಚ್ಚುಕಮ್ಮಿ 350 ಮೈಲಿ, ಬಹುಪಾಲು ಹೆದ್ದಾರಿ. ಮನೆಯಲ್ಲೇ ಬಿಚ್ಚಿಕೊಂಡು ಹೋಗಬೇಡಿ. ಆ ವೇಗದಲ್ಲಿ ಗಾಳಿ ಕಿವಿ ಕಿತ್ತುಹಾಕುತ್ತೆ, ಪಕ್ಕದಿಂದ ಯಾರಾದರೂ ಬಂದು ಗುದ್ದಿದರೆ ನಡುವೆ ಏನೂ ಇರುವುದಿಲ್ಲ. ಬಾಗಿಲು ಬಿಚ್ಚುವುದು ಕಾಡುದಾರಿಗೆ ಮಾತ್ರ, ಸಾರ್ವಜನಿಕ ರಸ್ತೆಗಲ್ಲ ಅಂತ ಜೀಪಿನ ಮ್ಯಾನುಯಲ್‌ನಲ್ಲೇ ಎಚ್ಚರಿಕೆ ಇದೆ. ಮೋಆಬ್ ತಲುಪಿ, ಉಳಿದುಕೊಂಡ ಜಾಗದಲ್ಲಿ ಬಿಚ್ಚಿ, ಬಾಗಿಲುಗಳನ್ನು ರೂಮಿನೊಳಗೆ ಇಟ್ಟು ಹೊರಡಿ. ಬಂಡೆ ಹತ್ತುವಾಗ ಚಕ್ರ ಎಲ್ಲಿ ಕೂರುತ್ತಿದೆ ಅಂತ ಬಗ್ಗಿ ನೋಡೋಕೆ ಬಾಗಿಲಿಲ್ಲದ ಗಾಡಿ ನಿಜಕ್ಕೂ ಅನುಕೂಲ, ಜನ ಬಿಚ್ಚುವುದು ಬರೀ ಫೋಟೋಗಲ್ಲ. ಆದರೆ ಬಗ್ಗುವಾಗ ಸೀಟ್ ಬೆಲ್ಟ್ ಇರಲಿ, ಕಾಲು ಒಳಗಿರಲಿ. ಗಾಡಿ ವಾಲಿದರೆ ಕೈ ಹೊರಗೆ ಹಾಕಿ ತಡೆಯೋಣ ಅಂತ ಅನಿಸುತ್ತೆ, ಆ ಕೈ ಉಳಿಯುವುದಿಲ್ಲ.

ಪ್ರಶ್ನೆ: ಟೆಕ್ಸಸ್‌ನ ಆಸ್ಟಿನ್‌ನಿಂದ ಬರೆಯುತ್ತಿದ್ದೇನೆ. ಬೇಸಿಗೆಯೆಲ್ಲ ಬಾಗಿಲಿಲ್ಲದೆ ಓಡಿಸಿ ಈಗ ಮತ್ತೆ ಹಾಕಿದ್ದೇನೆ. ಡ್ರೈವರ್ ಕಡೆಯ ಬಾಗಿಲು ಮೊದಲಿನ ಹಾಗೆ ಮುಚ್ಚುತ್ತಿಲ್ಲ, ಎತ್ತಿ ಹಾಕಬೇಕು. ಹಿಂದಿನ ಒಂದು ಬಾಗಿಲಿನ ಗ್ಲಾಸೂ ಕೆಲಸ ಮಾಡುತ್ತಿಲ್ಲ. ಮೊದಲನೇ ಬಾಗಿಲು ಬಿಚ್ಚುವಾಗ ತಿಳಿಯದೆ ಹಿಂಜಿನ ಎಲ್ಲ ಬೋಲ್ಟನ್ನೂ ಸಡಿಲ ಮಾಡಿದ್ದೆ. ಅದಕ್ಕೇ ಹೀಗಾಯಿತಾ?

ಉತ್ತರ: ಹೌದು, ಅದಕ್ಕೇ. ಪಿನ್ನಿನ ಸ್ಕ್ರೂ ಮಾತ್ರ ಬಿಚ್ಚಿದರೆ ಹಿಂಜ್ ಇದ್ದ ಜಾಗದಲ್ಲೇ ಇರುತ್ತೆ, ಬಾಗಿಲು ಎಷ್ಟು ಸಲ ಹಾಕಿ ತೆಗೆದರೂ ಅದೇ ಜಾಗಕ್ಕೆ ಬಂದು ಕೂರುತ್ತೆ. ಬಾಡಿಯ ಬೋಲ್ಟ್ ಸಡಿಲ ಮಾಡಿದರೆ ಫ್ಯಾಕ್ಟರಿಯಲ್ಲಿ ಮಾಡಿದ ಹೊಂದಾಣಿಕೆಯೇ ಹೋಯಿತು. ಎರಡು ಮಿಲಿಮೀಟರ್ ಇಳಿದರೂ ಸಾಕು, ಲಾಕು ಹೋಗಿ ಸ್ಟ್ರೈಕರ್ ಮೇಲೆ, ಅಂದರೆ ಬಾಡಿ ಕಡೆ ಅದು ಕಚ್ಚಿಕೊಳ್ಳುವ ಕೊಂಡಿಯ ಮೇಲೆ, ಕೂರುವುದಿಲ್ಲ, ಅದಕ್ಕೇ ನೀವು ಎತ್ತಿ ಹಾಕಬೇಕಾಗಿದೆ.

ಸರಿ ಮಾಡೋಕೆ ಹೊಸ ಸಾಮಾನು ಬೇಡ, ತಾಳ್ಮೆ ಬೇಕು. ಹಿಂಜಿನ ಸುತ್ತ ಹತ್ತಿರದಿಂದ ನೋಡಿ. ಮೊದಲು ಅದು ಕೂತಿದ್ದ ಜಾಗದಲ್ಲಿ ಬಣ್ಣದ ಮೇಲೆ ತೆಳ್ಳಗೆ ಗೆರೆ ಬಿದ್ದಿರುತ್ತೆ, ಅದರ ಆಚೆ ಧೂಳು, ಈಚೆ ಹೊಳಪು. ಆ ಗೆರೆಯೇ ನಿಮಗೆ ಗುರುತು. ಬೋಲ್ಟುಗಳನ್ನು ಬಾಗಿಲು ಅಲ್ಲಾಡುವಷ್ಟು ಮಾತ್ರ ಸಡಿಲಿಸಿ. ಒಬ್ಬರು ಬಾಗಿಲನ್ನು ಸ್ವಲ್ಪ ಎತ್ತಿ ಹಿಡಿದು ಹಿಂಜನ್ನು ಆ ಗೆರೆಗೆ ತರಲಿ, ಇನ್ನೊಬ್ಬರು ಬಿಗಿ ಮಾಡಲಿ. ಆಮೇಲೆ ನಿಧಾನವಾಗಿ ಮುಚ್ಚಿ, ಬಾಗಿಲಿನ ಸುತ್ತ ಇರುವ ಸಂದು ಮೇಲೂ ಕೆಳಗೂ ಒಂದೇ ಸಮ ಇದೆಯಾ ನೋಡಿ. ಇಲ್ಲದಿದ್ದರೆ ಮತ್ತೊಮ್ಮೆ. ಅದಾದ ಮೇಲೂ ಆಗಲಿಲ್ಲ ಅಂದರೆ ಬಾಡಿ ಶಾಪ್‌ನವರ ಹತ್ತಿರ ಹೋಗಿ, ಸ್ಟ್ರೈಕರನ್ನು ಸುತ್ತಿಗೆಯಿಂದ ಹೊಡೆದು ಬಗ್ಗಿಸೋಕೆ ಮಾತ್ರ ಹೋಗಬೇಡಿ.

ಕೆಲಸ ಮಾಡದ ಗ್ಲಾಸಿಗೆ ಕಾರಣ ನೂರಕ್ಕೆ ತೊಂಬತ್ತು ಸಲ ಕಪ್ಲರ್. ಅದು ಕೂತ ಹಾಗೆ ಕಾಣುತ್ತೆ, ಆದರೆ ಲಾಕು ಟಕ್ ಅಂದಿರುವುದಿಲ್ಲ. ಬಿಚ್ಚಿ, ಒಳಗಿನ ಪಿನ್ನುಗಳಲ್ಲಿ ಮಣ್ಣು ಸೇರಿದೆಯಾ, ಯಾವುದಾದರೂ ಬಗ್ಗಿದೆಯಾ ನೋಡಿ, ಮತ್ತೆ ಪೂರ್ತಿ ಒತ್ತಿ ಲಾಕು ಹಾಕಿ. ಬೇಸಿಗೆಯೆಲ್ಲ ಆ ಕಪ್ಲರನ್ನು ಹಾಗೇ ತೆರೆದು ಬಿಟ್ಟಿದ್ದರೆ ಧೂಳು ಖಂಡಿತ ಹೋಗಿರುತ್ತೆ. ಮುಂದಿನ ಸಲ ಬಿಚ್ಚಿದ ತಕ್ಷಣ ಮುಚ್ಚಳ ಹಾಕಿಬಿಡಿ.

ಹಾಕುವಾಗ ಎರಡು ಪಿನ್ನನ್ನೂ ಒಟ್ಟಿಗೆ ತೂತಿಗೆ ಹೊಂದಿಸೋಕೆ ಹೋದರೆ ಕೈ ಸೋಲುತ್ತೆ. ಮೊದಲು ಒಂದನ್ನು ಅರ್ಧ ಇಳಿಸಿ, ಆಮೇಲೆ ಇನ್ನೊಂದು. ಪಿನ್ನಿಗೆ ಒಂಚೂರು ಗ್ರೀಸ್ ಸವರಿ. ಪಟ್ಟಿ ಮೊದಲು, ವೈರು ಆಮೇಲೆ, ಸ್ಕ್ರೂ ಕೊನೆಗೆ. ಸ್ಕ್ರೂ ಶುರುವಿನ ಸುತ್ತುಗಳನ್ನು ಬೆರಳಿನಲ್ಲೇ ಹಾಕಿ. ಬೆರಳಿಗೆ ಹೋಗಲಿಲ್ಲ ಅಂದರೆ ಥ್ರೆಡ್ ಅಡ್ಡ ಹತ್ತಿದೆ ಅಂತ. ಏರ್ ಗನ್ ಹಿಡಿದು ಬಿಗಿ ಮಾಡುವವರನ್ನು ನೋಡಿದರೆ ನನಗೆ ಮೈ ಉರಿಯುತ್ತೆ. ಥ್ರೆಡ್ ಕಿತ್ತುಹೋದರೆ ಹಿಂಜನ್ನೇ ಬದಲಾಯಿಸಬೇಕಾದೀತು.

ಪ್ರಶ್ನೆ: ಮೈಸೂರಿನಿಂದ. ಮಗ ಸೊಸೆ ಅಮೆರಿಕದಲ್ಲಿದ್ದಾರೆ. ಬಾಗಿಲೇ ಇಲ್ಲದ ಜೀಪಿನಲ್ಲಿ ನಾಲ್ಕು ವರ್ಷದ ಮೊಮ್ಮಗನನ್ನು ಹಿಂದೆ ಕೂರಿಸಿಕೊಂಡಿರುವ ಫೋಟೋ ಕಳಿಸಿದ್ದಾರೆ. ಕೇಳಿದರೆ ಅಲ್ಲೆಲ್ಲ ಮಾಮೂಲಿ ಅಮ್ಮಾ ಅಂತಾನೆ. ನನಗಂತೂ ನಿದ್ದೆ ಬರುತ್ತಿಲ್ಲ.

ಉತ್ತರ: ಅಮ್ಮಾ, ನೀವು ಗಾಬರಿಯಾಗಿದ್ದು ಸರಿಯೇ. ಅಲ್ಲಿ ಬಾಗಿಲು ಬಿಚ್ಚಿ ಓಡಿಸುವುದು ಮಾಮೂಲಿ ಅನ್ನುವುದೂ ನಿಜ, ಮಗು ಕಾರ್ ಸೀಟಿನಲ್ಲಿ ಬೆಲ್ಟ್ ಬಿಗಿದು ಕೂತಿದ್ದರೆ ಹೊರಗೆ ಬೀಳುವುದಿಲ್ಲ ಅನ್ನುವುದೂ ನಿಜ. ಆದರೆ ಮುಂದಿನ ಚಕ್ರ ಎರಚುವ ಜಲ್ಲಿ ನೇರವಾಗಿ ಬರುವುದು ಹಿಂದಿನ ಸೀಟಿಗೇ, ಮಗು ಕೈ ಚಾಚಿದರೆ ತಡೆಯೋಕೆ ಏನೂ ಇಲ್ಲ, ಪಕ್ಕದಿಂದ ಗಾಡಿ ಗುದ್ದಿದರೆ ಮೊದಲು ತಾಗುವುದು ಮಗುವಿಗೇ. ಮಗನಿಗೆ ಹೀಗೆ ಹೇಳಿ ನೋಡಿ: ಮುಂದಿನ ಎರಡು ಬಾಗಿಲು ಬೇಕಾದರೆ ಬಿಚ್ಚಿಕೋ, ಹಿಂದಿನವು ಇರಲಿ. ಬಿಚ್ಚಲೇಬೇಡ ಅಂದರೆ ಕೇಳದೇ ಇರಬಹುದು, ಇದನ್ನು ಕೇಳುತ್ತಾನೆ.

ಪ್ರಶ್ನೆ: ಸಕಲೇಶಪುರ ಹತ್ತಿರ ನಮ್ಮ ಕಾಫಿ ತೋಟ ಇದೆ. 2020ರಲ್ಲಿ ಬಂದ ಹೊಸ ಮಹೀಂದ್ರಾ ಥಾರ್ ತಗೊಂಡಿದ್ದೇವೆ. ತೋಟದೊಳಗೆ ಮಾತ್ರ ಓಡಿಸುವಾಗ ಬಾಗಿಲು ಬಿಚ್ಚಿದರೆ ಹತ್ತಿ ಇಳಿಯೋಕೆ ಸುಲಭ ಅಲ್ವಾ? ತಂದೆಯವರ ಕಾಲದ ಜೀಪಿಗೆ ಬಾಗಿಲೇ ಇರಲಿಲ್ಲ.

ಉತ್ತರ: ತಂದೆಯವರ ಜೀಪೇ ಬೇರೆ ಜಾತಿ. 1941ರ ವಿಲ್ಲಿಸ್ ಜೀಪು ಸೈನ್ಯಕ್ಕೆ ಅಂತ ಮಾಡಿದ್ದು, ಅದಕ್ಕೆ ಬಾಗಿಲೇ ಕೊಟ್ಟಿರಲಿಲ್ಲ. ಸೈನಿಕ ಹಾರಿ ಇಳಿಯಬೇಕಿತ್ತು. ಸ್ವಾತಂತ್ರ್ಯ ಬಂದ ಹೊತ್ತಿಗೆ ಮಹೀಂದ್ರಾದವರು ಅದನ್ನೇ ಇಲ್ಲಿ ಜೋಡಿಸೋಕೆ ಶುರು ಮಾಡಿದರು. ನಮ್ಮ ಮಲೆನಾಡು, ಕೊಡಗಿನ ತೋಟಗಳಲ್ಲಿ ಓಡಿದ ಜೀಪುಗಳೆಲ್ಲ ಆ ವಂಶದವೇ. ಬೇಕಾದರೆ ಕ್ಯಾನ್ವಾಸ್ ಬಾಗಿಲು ಸಿಕ್ಕಿಸುವುದು, ಬೇಡವಾದರೆ ಕಿತ್ತು ಅಟ್ಟಕ್ಕೆ ಎಸೆಯುವುದು, ಅಷ್ಟೇ.

ನಿಮ್ಮ ಥಾರ್ ನೋಡೋಕೆ ಜೀಪಿನ ಹಾಗಿದ್ದರೂ ಅದರ ಬಾಗಿಲನ್ನು ಎತ್ತಿ ತೆಗೆಯೋಕೆ ಅಂತ ಮಾಡಿಲ್ಲ. ಬಿಚ್ಚಬೇಕು ಅಂದರೆ ಹಿಂಜಿನ ಬೋಲ್ಟೇ ಬಿಚ್ಚಬೇಕು, ಪವರ್ ವಿಂಡೋ, ಲಾಕು ಎಲ್ಲದರ ವೈರು ಬಿಡಿಸಬೇಕು. ಆಸ್ಟಿನ್‌ನವರಿಗೆ ಆದ ಗತಿ ನಿಮಗೂ ಆಗುತ್ತೆ. ಜೊತೆಗೆ ನಮ್ಮ ಕಡೆ ಮಳೆ. ಜೂನ್‌ನಿಂದ ಶುರುವಾದರೆ ಸೀಟು, ಸ್ವಿಚ್ಚು, ಕಾರ್ಪೆಟ್ಟು ಒಣಗುವ ಮಾತೇ ಇಲ್ಲ. ಸೈಡ್‌ಸ್ಟೆಪ್ ಹಾಕಿಸಿಕೊಂಡರೆ ಹತ್ತಿ ಇಳಿಯುವ ಕಷ್ಟ ಅರ್ಧ ಹೋಗುತ್ತೆ. ಬರೀ ತೋಟದೊಳಗೆ ಓಡಾಡೋಕೆ ಅಂದರೆ, ತಂದೆಯವರ ಜೀಪು ಶೆಡ್ಡಿನಲ್ಲಿ ಇನ್ನೂ ಇದೆಯಾ? ಇದ್ದರೆ ಅದನ್ನೇ ರಿಪೇರಿ ಮಾಡಿಸಿ. ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಗಾಡಿ ನನಗೆ ಗೊತ್ತಿಲ್ಲ.

ಪ್ರಶ್ನೆ: ಬೆಂಗಳೂರಿನಿಂದ. ಇಲ್ಲಿ ಮಾರುವ ರ‍್ಯಾಂಗ್ಲರ್‌ನಲ್ಲೂ ಬಾಗಿಲು ಬಿಚ್ಚೋಕೆ ಬರುತ್ತೆ ಅಂತ ಶೋರೂಮಿನಲ್ಲಿ ಹೇಳಿದರು. ಹಾಗೇ ನಂದಿ ಬೆಟ್ಟಕ್ಕೆ ಹೋದರೆ ಪೊಲೀಸರು ಹಿಡಿಯುತ್ತಾರಾ?

ಉತ್ತರ: ಬಿಚ್ಚೋಕೆ ಬರುತ್ತೆ, ಸರಿ. 2021ರಿಂದ ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ ಜೋಡಿಸುತ್ತಿರುವುದೂ ಅದೇ ಜೆಎಲ್, ಡೆನ್ವರ್‌ನವರಿಗೆ ಹೇಳಿದ ವಿಧಾನವೇ ನಿಮಗೂ. ಆದರೆ ರಸ್ತೆಯ ಮಾತು ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಾಡು ಮಾಡುವ ಹಾಗಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಹಾಕಬಹುದು, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಮೂಲದಲ್ಲೇ ಬಿಚ್ಚುವ ಹಾಗೆ ಮಾಡಿದ್ದು, ಇದು ಮಾರ್ಪಾಡಲ್ಲ ಅಂತ ನೀವು ವಾದ ಮಾಡಬಹುದು. ದೇವನಹಳ್ಳಿ ರಸ್ತೆಯಲ್ಲಿ ಬೆಳಗ್ಗೆ ಐದು ಗಂಟೆಗೆ ನಿಂತು ಆ ವಾದ ಮಾಡುವ ಉತ್ಸಾಹ ಇದೆಯಾ ಅನ್ನುವುದು ನಿಮಗೇ ಬಿಟ್ಟಿದ್ದು. ಪಕ್ಕದ ಕನ್ನಡಿ ಇಲ್ಲದಿದ್ದರೆ ಅದೇ ಇನ್ನೊಂದು ಕೇಸು. ಅಪಘಾತ ಆಗಿಬಿಟ್ಟರೆ ಬಾಗಿಲು ಎಲ್ಲಿ ಅಂತ ಇನ್ಶೂರೆನ್ಸ್‌ನವರೂ ಕೇಳುತ್ತಾರೆ.

ಆಸೆ ಇದ್ದರೆ ಸ್ವಂತ ಜಮೀನಿನಲ್ಲೋ, ಊರಾಚೆಯ ಖಾಸಗಿ ಆಫ್‌ರೋಡ್ ಟ್ರ್ಯಾಕ್‌ನಲ್ಲೋ ಬಿಚ್ಚಿ, ಆಡಿ, ಅಲ್ಲೇ ಹಾಕಿಕೊಂಡು ವಾಪಸ್ ಬನ್ನಿ. ಹೊರಡುವ ಮುಂಚೆ ಟ್ರ್ಯಾಕ್‌ನವರಿಗೆ ಫೋನ್ ಮಾಡಿ ಬಾಗಿಲು ಇಡೋಕೆ ಬೀಗ ಇರುವ ರೂಮು ಇದೆಯಾ ಕೇಳಿ.